ಅಣ್ಣ ಬಡಿದ ತೊಲೆಗಳು

ಬಡಿಗತನ ಮಾಡುವವನಿಗೆ ತನ್ನ ಬೆರಳಿಗೆ ಏಟು, ಮಂದಿಯ ಬಾಯಿಗೆ ನಗೆ, ಎರಡೂ ತಪ್ಪಿದ್ದಲ್ಲ. ಒಂದು ಊರಲ್ಲಿ ಹೇಗೋ ಮಾನ ಉಳಿಸಿಕೊಂಡು ಬಸ್ಸು ಹತ್ತಿದೆವು ಅನ್ನುವಷ್ಟರಲ್ಲಿ ಮುಂದಿನ ಊರಲ್ಲಿ ಇನ್ನೊಂದು ಪ್ರಸಂಗ ಕಾದು ಕೂತಿರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕು ನನಗೂ ನನ್ನ ಅಣ್ಣನಿಗೂ ಅಂಗಳವಿದ್ದ ಹಾಗೆ. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಬರುವುದು ಬೇರೆ.

ನಮ್ಮ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ದಪ್ಪಗೆ ಮಣ್ಣು. ಮಳೆ ಬಂದಾಗ ನೀರು ಎಲ್ಲಿಂದ ಇಳಿಯುತ್ತದೋ ದೇವರಿಗೇ ಗೊತ್ತು. ಗೋಡೆಯೊಳಗೆ ಹೊಕ್ಕ ತೊಲೆಯ ತುದಿ ತೇವ ಕುಡಿದು, ಬೂಷ್ಟು ಹಿಡಿದು, ಒಳಗೊಳಗೇ ಕೊಳೆಯುತ್ತದೆ. ಇದಕ್ಕೆ ನಮ್ಮವರು ಲಡ್ಡು ಹಿಡಿಯುವುದು ಅನ್ನುತ್ತಾರೆ. ಮೇಲಿಂದ ನೋಡಿದರೆ ತೊಲೆ ಮದುಮಗನ ಹಾಗೆ ಇರುತ್ತದೆ, ಒಳಗೆ ಬೆರಳಿಟ್ಟರೆ ಹಿಟ್ಟು.

ಅದನ್ನು ಕಂಡುಹಿಡಿಯುವುದು ಕಿವಿಯಿಂದ. ಕಟ್ಟಿಗೆಯ ಕೊಡತಿಯಿಂದ ತೊಲೆಯನ್ನು ಬಡಿಯಬೇಕು. ಗಟ್ಟಿಯಿದ್ದರೆ ಠಣ್ ಅನ್ನುತ್ತದೆ, ಲಡ್ಡು ಹಿಡಿದಿದ್ದರೆ ದಬ್ ಅನ್ನುತ್ತದೆ. ನಡುವೆ ಇನ್ನೂ ಹತ್ತು ನಮೂನೆಯ ಸಪ್ಪಳ ಇವೆ, ಅವೆಲ್ಲ ನನ್ನ ಅಣ್ಣನಿಗೆ ಗೊತ್ತಿದ್ದವು, ನನ್ನ ಕಿವಿಗೆ ಕೊನೆತನಕ ಹತ್ತಲಿಲ್ಲ. ಪ್ರತಿ ಬೇಸಿಗೆಯಲ್ಲಿ, ಮಳೆಗಾಲಕ್ಕೆ ಮುಂಚೆ, ಮಂದಿ ಅವನನ್ನು ಕರೆಸಿ ತೊಲೆ ಬಡಿಸುತ್ತಿದ್ದರು. ಅವನು "ಮಲಕೋರಿ" ಅಂದರೆ ಅದರ ಕೆಳಗೆ ಮಕ್ಕಳನ್ನು ಮಲಗಿಸುತ್ತಿದ್ದರು. ಅವನ ಮಾತಿಗೆ ಅಷ್ಟು ತೂಕ.

ಪೇಟೆಯಲ್ಲಿ ಆಗಲೇ ಕಟ್ಟಿಗೆಗೆ ಹಚ್ಚುವ ಔಷಧದ ಡಬ್ಬಿಗಳು ಬಂದಿದ್ದವು. ಅಣ್ಣ ಅವುಗಳನ್ನು ಮುಟ್ಟುತ್ತಿರಲಿಲ್ಲ. "ತೊಲಿಗೆ ವಿಷ ಕುಡಿಸಿದ್ರ ಅದರ ಕೆಳಗ ಉಸರಾಡೋರು ಯಾರು? ಬೂಷ್ಟಿಗೆ ಬೇಕಾದ್ದು ನೀರು. ನೀರು ಕೊಡಬ್ಯಾಡ್ರಿ, ಗಾಳಿ ಕೊಡ್ರಿ. ಬೂಷ್ಟು ತಾನ ಹೋಗತೈತಿ" ಅನ್ನುತ್ತಿದ್ದ. ಕಂಬವನ್ನು ನೆಲಕ್ಕೆ ನೆಡದೆ ಕಲ್ಲಿನ ಮೇಲೆ ನಿಲ್ಲಿಸುವುದು, ತೊಲೆಯ ತುದಿ ಹೊಕ್ಕ ಕಡೆ ಗೋಡೆಯಲ್ಲಿ ಸಣ್ಣ ಕಿಂಡಿ ಬಿಡುವುದು, ಕುಸುಬಿ ಎಣ್ಣೆ ಕಾಯಿಸಿ ಬಿಸಿಬಿಸಿಯಾಗಿ ಉಣಿಸುವುದು, ಇಷ್ಟೇ ಅವನ ಔಷಧ.

ಅಂಥ ನನ್ನ ಅಣ್ಣನಿಗೆ ಕಿವಿ ಮಂದವಾಗತೊಡಗಿತು. ಅವನು ಯಾರಿಗೂ ಹೇಳಲಿಲ್ಲ. ಗೊತ್ತಾದ ಮೇಲೆ ನಾನೂ ಯಾರಿಗೂ ಹೇಳಲಿಲ್ಲ. ಕಿವುಡ ಬಡಿಗನನ್ನು ತೊಲೆ ಬಡಿಯಲು ಯಾರು ಕರೆಯುತ್ತಾರೆ? ಆ ಕೆಲಸ ಹೋದರೆ ಅಣ್ಣನೂ ಉಳಿಯುವವನಲ್ಲ ಅನ್ನುವುದು ನನ್ನ ಅಂಜಿಕೆ.

ತೊಲೆಯ ರುಚಿ

ನನಗೆ ಗೊತ್ತಾದದ್ದು ಹೊರ್ತಿಯ ಒಂದು ದೊಡ್ಡ ಮನೆಯಲ್ಲಿ. ಅಣ್ಣ ಏಣಿ ಹತ್ತಿ ತೊಲೆ ಬಡಿದ. ಮತ್ತೆ ಬಡಿದ. ಮುಖ ಸಣ್ಣದಾಯಿತು. ಇಳಿದು ಬಂದು ಚೀಲದಿಂದ ಒಂದು ಕೋಲು ತೆಗೆದುಕೊಂಡು ಮತ್ತೆ ಹತ್ತಿದ. ಕೋಲಿನ ಒಂದು ತುದಿಯನ್ನು ತೊಲೆಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡು ಬಡಿಯತೊಡಗಿದ.

ಕೆಳಗೆ ಕೂತಿದ್ದ ಆ ಮನೆಯ ಮುದುಕಿ ಕೂಗಿಕೊಂಡಳು. "ಏ, ಬರ್ರೋ! ಬಡಿಗ್ಯಾ ನಮ್ಮ ತೊಲಿ ತಿನ್ನಾಕತ್ತಾನ!"

ಸೊಸೆ ಓಡಿ ಬಂದು ನೋಡಿ, "ಯಪ್ಪಾ, ಯಾವಾಗ ಉಂಡಾರೋ ಏನೋ. ಮದಲ ಇಳದು ರೊಟ್ಟಿ ತಿನ್ರಿ. ತೊಲಿ ಎಲ್ಲಿ ಓಡಿ ಹೋಗತೈತಿ" ಎಂದು ಶೇಂಗಾ ಹಿಂಡಿ, ಮೊಸರು ಹಚ್ಚಿ ರೊಟ್ಟಿ ಕೊಟ್ಟಳು. ಅಣ್ಣ ಅಷ್ಟೂ ತಿಂದ.

ದಾರಿಯಲ್ಲಿ ನಾನು ಎದುರಿಗೆ ನಿಂತು ಕಿವಿ ತೋರಿಸಿ ಕೈಯಾಡಿಸಿದೆ. ಅವನು ಬೇರೆ ಕಡೆ ನೋಡಿ, "ಕಟಗಿ ಈಗ ಹಲ್ಲಿಗೆ ಹೇಳತೈತೋ ತಮ್ಮಾ. ಕಿವಿಗಿಂತ ಚಲೋ ತಿಳೀತೈತಿ" ಎಂದ.  ನಾನು ಚೀಲ ಹೊತ್ತು ಮುಂದೆ ನಡೆದೆ.

ಆದರೆ ಸುದ್ದಿ ನಮಗಿಂತ ಮೊದಲು ಬಸ್ಸು ಹತ್ತಿತ್ತು. ಮುಂದಿನ ಊರಿನ ಮನೆಗೆ ಕಾಲಿಟ್ಟರೆ ಮಾಳಿಗೆಯಿಂದ ಟಪಟಪ ನೀರು ಬೀಳುತ್ತಿದೆ. ಬೇಸಿಗೆಯಲ್ಲಿ ಇದೆಂಥ ಮಳೆ ಎಂದು ನಾನು ಮೇಲೆ ನೋಡಿದೆ. ಯಜಮಾನ ಹಲ್ಲು ಕಿರಿದು ಹೇಳಿದ. "ನೀವು ತೊಲಿಗೆ ಬಾಯಿ ಹಚ್ಚತೀರಂತ ಕೇಳಿದ್ವಿರಿ. ಧೂಳಿ ಹತ್ತಬಾರದಂತ ಮುಂಜಾನಿಂದ ಕೊಡಗಟ್ಟಲೆ ನೀರು ಹೊಡದು ತೊಳದೇವಿ."

ತೊಲೆಗೆ ನೀರು ತಾಗಿಸಬೇಡಿರೆಂದು ಜನ್ಮವಿಡೀ ಬಾಯಿ ಬಡಿದುಕೊಂಡ ಅಣ್ಣ ಕೋಲನ್ನು ಚೀಲಕ್ಕೆ ಹಾಕಿ ಅಲ್ಲೇ ಕೂತುಬಿಟ್ಟ. ಮಳೆಗಾಲ ಮಾಡದಿದ್ದ ಕೆಲಸವನ್ನು ಆ ಮನೆಯವರು ಒಂದು ಮುಂಜಾನೆಯಲ್ಲಿ ಮುಗಿಸಿದ್ದರು.

ಬಾವಿಯಲ್ಲಿ ಬಿದ್ದ ಬೈಗುಳ

ಹಸಿ ಬೇವಿನ ದಿಮ್ಮಿಯನ್ನು ಹಾಗೇ ತೊಲೆಗೆ ಹಾಕಿದರೆ ಬೇಗ ಕೆಡುತ್ತದೆ. ಅದಕ್ಕೆ ಅಣ್ಣ ದಿಮ್ಮಿಗಳನ್ನು ಕೆಲವು ತಿಂಗಳು ನೀರೊಳಗೆ ಮುಳುಗಿಸಿ ಇಡಿಸುತ್ತಿದ್ದ. ಕಟ್ಟಿಗೆಯೊಳಗಿನ ಸಿಹಿ ರಸವೆಲ್ಲ ನೀರಿಗೆ ಹೋಗುತ್ತದೆ, ಆಮೇಲೆ ನೆರಳಲ್ಲಿ ಪೂರಾ ಒಣಗಿಸಿದರೆ ಬೂಷ್ಟಿಗೆ ತಿನ್ನಲು ಏನೂ ಸಿಗುವುದಿಲ್ಲ.

ಕನ್ನೊಳ್ಳಿಯಲ್ಲಿ ಒಬ್ಬರ ಮನೆಯ ದಿಮ್ಮಿಯನ್ನು ಊರ ಮೆಟ್ಟಿಲು ಬಾವಿಯಲ್ಲಿ ಕಲ್ಲು ಕಟ್ಟಿ ಮುಳುಗಿಸಿದ್ದೆವು. ಬೇಸಿಗೆಯಲ್ಲಿ ನೀರು ಇಳಿದು ದಿಮ್ಮಿಯ ಬೆನ್ನು ಮೇಲೆ ಬಂದಿದೆ. ಊರ ಹೆಣ್ಣುಮಕ್ಕಳಿಗೆ ಅದು ಬಟ್ಟೆ ಒಗೆಯುವ ಕಲ್ಲಿಗಿಂತ ಹಿತವಾಗಿದೆ. ನಾವು ಹಗ್ಗ ಹಿಡಿದು ಎತ್ತಲು ಹೋದರೆ ಒಬ್ಬಾಕೆ ದಿಮ್ಮಿಯ ಮೇಲೆ ಕೂತೇಬಿಟ್ಟಳು.

"ಯಾಂವ ಬರ್ತಾನ ಬರ್ಲಿ, ಇದನ್ನ ಬಿಡಂಗಿಲ್ಲ!"

"ಅವ್ವಾ, ಅದು ಒಬ್ಬರ ಮನಿ ತೊಲಿ ಐತ್ರಿ" ಎಂದೆ ನಾನು.

"ಅವರ ಮನಿ ಬಿದ್ರ ಬೀಳ್ಲಿ! ಇಷ್ಟು ದಿನ ನಮ್ಮ ಸೀರಿ ಹೊಲಸು ಕುಡದೈತಿ. ನಮ್ಮದು ಇದು!"

ಆಮೇಲೆ ಶುರುವಾಯಿತು ನೋಡಿ. ನಮ್ಮ ಅಪ್ಪ, ಅಜ್ಜ, ನಮ್ಮ ಕೈಯ ಬಾಚಿ, ಉಳಿ, ಯಾವುದನ್ನೂ ಬಿಡಲಿಲ್ಲ. ಅಣ್ಣನಿಗೆ ಒಂದಕ್ಷರ ಕೇಳಿಸುತ್ತಿಲ್ಲ. ಹೆಣ್ಣುಮಕ್ಕಳು ಏನೋ ಹೇಳುತ್ತಿದ್ದಾರೆ, ಒಳ್ಳೆಯದೇ ಇರಬೇಕೆಂದು ಎರಡೂ ಕೈ ಜೋಡಿಸಿ ನಗುತ್ತ ನಿಂತಿದ್ದಾನೆ. ಬೈದು ಬೈದು ಅವರ ಬಾಯಿಯೇ ಸೋತಿತು. ದಿಮ್ಮಿಯ ಮೇಲೆ ಕೂತಾಕೆ ಎದ್ದು ಸೆರಗು ಸರಿಮಾಡಿಕೊಂಡು, "ಎಂಥಾ ಸಂಭಾವಿತ ಮನಷ್ಯಾ ಅದಾನಬೇ. ಇಷ್ಟು ಅಂದ್ರೂ ಒಂದು ಮಾತು ತಿರುಗಿಸಲಿಲ್ಲ. ಒಯ್ಯಿರಿ ಅಣ್ಣಾರ" ಎಂದಳು. ನನ್ನ ಕಡೆ ತಿರುಗಿ, "ನೀನೂ ಅದಿ, ಕತ್ತೆ!" ಎಂದಳು.

ಗಾಡಿಯಲ್ಲಿ ಬರುವಾಗ ಅಣ್ಣ ಕೇಳಿದ. "ಏನಂದ್ರೋ ಅವ್ವಗೋಳು?"

ನಾನು ಕೈಯೆತ್ತಿ ಹರಸಿದ ಹಾಗೆ ಮಾಡಿ ತೋರಿಸಿದೆ.

"ಹಳ್ಳ್ಯಾಗಿನ ಮಂದಿ ಭಾಳ ಚಲೋ ಇರ್ತಾರ" ಎಂದ.

ಅತ್ತಿಗೆಯ ಲೆಕ್ಕ

ಮನೆಯಲ್ಲೂ ಅಣ್ಣ ಇದೇ ಆಟ ಹೂಡಿದ್ದ. ಅತ್ತಿಗೆ ಏನು ಹೇಳಿದರೂ "ಹೂಂ" ಅನ್ನುವುದು. ಜೋಳ ತೀರಿದೆ ಅಂದರೂ ಹೂಂ, ಬೆಕ್ಕು ಹಾಲು ಕುಡಿಯಿತು ಅಂದರೂ ಹೂಂ. ಒಂದು ದಿನ ಅತ್ತಿಗೆ, "ನನಗೊಂದು ಇಳಕಲ್ ಸೀರಿ ತರ್ತೀರೇನ್ರಿ?" ಎಂದಳು. ಹೂಂ ಅಂದ. ಕೈಯಲ್ಲಿ ಚೀಲ ಕೊಟ್ಟು ಜೊತೆಗೇ ಹೊರಟಳು. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆಯೇ ಅವನಿಗೆ ತಾನು ಯಾವುದಕ್ಕೆ ಹೂಂ ಅಂದಿದ್ದೆ ಎಂದು ತಿಳಿದದ್ದು.

"ಅತ್ತಿಗಿ, ನಿನಗ ಗೊತ್ತೈತೇನು?" ಎಂದು ನಾನು ಮೆಲ್ಲಗೆ ಕೇಳಿದೆ.

"ಮೆಲ್ಲಕ ಯಾಕ ಕೇಳ್ತಿ? ಜೋರಾಗೇ ಕೇಳು" ಎಂದಳು. "ಮದಲ ಕೇಳಿದ್ರೂ ಕೇಳದಂಗ ಇರ್ತಿದ್ರು. ಈಗ ಕೇಳದಿದ್ರೂ ಕೇಳಿದಂಗ ಇರ್ತಾರ. ಗಂಡಸರದು ಎಲ್ಲಾ ಒಂದ."

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಒಲೆಯ ಕಡೆ ತಿರುಗಿ ಬಹಳ ಹೊತ್ತು ಕೂತಳು. ಹೊಗೆಯಿರಲಿಲ್ಲ, ಕಣ್ಣು ಮಾತ್ರ ಒರೆಸಿಕೊಳ್ಳುತ್ತಿದ್ದಳು.

ನನ್ನ ಹುಬ್ಬಿನ ಬೇನೆ

ಕುಸುಬಿ ಎಣ್ಣೆ ಕಾಯಿಸುವುದೂ ಕಿವಿಯ ಕೆಲಸವೇ. ಎಣ್ಣೆಯಲ್ಲಿ ನೀರಿನ ಪಸೆ ಇರುವ ತನಕ ಚಟಪಟ ಅನ್ನುತ್ತದೆ. ಆ ಸಪ್ಪಳ ಪೂರಾ ನಿಂತ ಮೇಲೆಯೇ ಅದು ಕಟ್ಟಿಗೆಗೆ ಉಣಿಸುವ ಹದಕ್ಕೆ ಹತ್ತಿರ ಬಂತೆಂದು ಅರ್ಥ. ಅಣ್ಣನಿಗೆ ಅದೂ ಕೇಳದಾದಾಗ ನಾವಿಬ್ಬರೂ ಬಾಯಿಬಿಟ್ಟು ಮಾತಾಡದೇ ಒಂದು ಒಪ್ಪಂದಕ್ಕೆ ಬಂದೆವು. ನಾನು ಎದುರಿಗೆ ಕೂರುವುದು. ಚಟಪಟ ಇರುವ ತನಕ ಹುಬ್ಬು ಹಾರಿಸುತ್ತಿರುವುದು, ನಿಂತೊಡನೆ ಹುಬ್ಬು ಇಳಿಸುವುದು.

ಮುದ್ದೇಬಿಹಾಳದಲ್ಲಿ ಒಬ್ಬ ಯಜಮಾನರ ಹೊಸ ಬಾಗಿಲಿಗೆ ಎಣ್ಣೆ ಉಣಿಸುವುದಿತ್ತು. ಎಣ್ಣೆಯಲ್ಲಿ ಪಸೆ ಜಾಸ್ತಿ, ಚಟಪಟ ನಿಲ್ಲಲೊಲ್ಲದು. ನಾನು ಹುಬ್ಬು ಹಾರಿಸುತ್ತಲೇ ಇದ್ದೇನೆ. ಯಜಮಾನರು ಒಮ್ಮೆ ನೋಡಿದರು, ಎರಡನೇ ಸಲ ಹೆಂಡತಿಯನ್ನು ಕರೆದು ತೋರಿಸಿದರು.

"ಬಡಿಗ್ಯಾರ, ನಿಮ್ಮ ತಮ್ಮಗ ಇದು ಹುಟ್ಟಾನಿಂದ ಐತೇನ್ರಿ?"

ಅಣ್ಣ ಎಂದಿನಂತೆ, "ಹೂಂರಿ" ಎಂದ.

ಅಷ್ಟು ಸಾಕಾಯಿತು. ಆ ತಾಯಿ ಒಳಗೆ ಹೋಗಿ ಅರಿಶಿನ, ಸುಣ್ಣ, ಅಜವಾನ ಕಲಸಿ ತಂದು ನನ್ನ ಹಣೆಗೆ ಬೆರಳು ದಪ್ಪ ಲೇಪ ಬಳಿದಳು. ಒಣಗಿದ ಮೇಲೆ ಹುಬ್ಬು ಮೇಲೂ ಏರಲಿಲ್ಲ, ಕೆಳಗೂ ಇಳಿಯಲಿಲ್ಲ, ಕೈ ಮಾಡಿದರೆ ಗುಟ್ಟು ರಟ್ಟಾಗುತ್ತಿತ್ತು. ಅಣ್ಣ ನನ್ನ ಮುಖವನ್ನೇ ನೋಡುತ್ತ ಸೌಟು ಹಿಡಿದು ಕೂತ. ಎಣ್ಣೆ ಹೊತ್ತಿ ಓಣಿ ತುಂಬ ಹೊಗೆಯಾಯಿತು.

"ನೋಡ್ರಿ, ಲೇಪ ಹಚ್ಚಿದ್ದ ತಡ, ಹುಬ್ಬು ಕುಣಿಯೋದು ಹೆಂಗ ನಿಂತು" ಎಂದು ಆ ತಾಯಿ ಕೆಮ್ಮುತ್ತಲೇ ಎಲ್ಲರಿಗೂ ತೋರಿಸಿದಳು.

ಗಾಳಿ

ಇದನ್ನು ಹೇಳುವುದು ನನಗೆ ಈಗಲೂ ಸುಲಭವಲ್ಲ. ಆದರೂ ಇದರಲ್ಲೂ ಒಂದು ನಗೆ ಇದೆ, ಅದು ನನ್ನದಲ್ಲ.

ಆ ಬೇಸಿಗೆ ನಾನು ಚಳಿಜ್ವರದಿಂದ ಮಲಗಿದ್ದೆ. ಅಣ್ಣ ಒಬ್ಬನೇ ಮುಳವಾಡಕ್ಕೆ ಹೋದ. ಅಷ್ಟೊತ್ತಿಗೆ ಅವನ ಮುಂದಿನ ಹಲ್ಲುಗಳೂ ಅಲುಗಾಡತೊಡಗಿದ್ದವು. ಕೋಲು ಕಚ್ಚಿದರೂ ಸಪ್ಪಳ ಸರಿಯಾಗಿ ಹತ್ತುತ್ತಿರಲಿಲ್ಲ. ಅದನ್ನೂ ಅವನು ಹೇಳಿರಲಿಲ್ಲ. ತೊಲೆ ಬಡಿದು, "ಅಂಜಬ್ಯಾಡ್ರಿ, ಮಲಕೋರಿ" ಎಂದು ಬಂದ.

ಮಳೆ ಹಿಡಿಯಿತು. ಒಂದು ಮುಂಜಾನೆ ಆ ತೊಲೆ ಗೋಡೆಗೆ ಹೊಕ್ಕ ಕಡೆ ಮುರಿದು ಅರ್ಧ ಮಾಳಿಗೆ ಕೆಳಗೆ ಬಂತು. ಬಿದ್ದದ್ದು ಬಾಣಂತಿ ಮಲಗುವ ಹೊರಸಿನ ಮೇಲೆ. ಆಕೆ ಆಗ ತಾನೇ ಕೂಸನ್ನು ಎರೆಯಲು ಬಚ್ಚಲಿಗೆ ಎತ್ತಿಕೊಂಡು ಹೋಗಿದ್ದಳು. ಯಾರಿಗೂ ಏನೂ ಆಗಲಿಲ್ಲ.

ಸುದ್ದಿ ಕೇಳಿ ನಾವಿಬ್ಬರೂ ಓಡಿದೆವು. ಅಣ್ಣ ಮಣ್ಣಿನೊಳಗೆ ಮುರಿದು ಬಿದ್ದ ಹೊರಸನ್ನು ನೋಡಿದ. ತೊಲೆಯ ತುದಿಗೆ ಬೆರಳು ಹಾಕಿದ, ಹಿಟ್ಟು ಉದುರಿತು. 

ಆ ಮನೆಯ ರೈತ ದೊಡ್ಡ ಮನಸ್ಸಿನವ. ಅಣ್ಣನ ಮುಖ ನೋಡಲಾರದೆ, ಹೇಗಾದರೂ ಹಗುರ ಮಾಡಬೇಕೆಂದು ಆಕಾಶ ತೋರಿಸಿ ಜೋರಾಗಿ ನಕ್ಕ. "ಇರ್ಲಿ ಬಿಡ್ರಿ ಬಡಿಗ್ಯಾರ! ತೊಲಿಗೆ ಗಾಳಿ ಬೇಕು, ಗಾಳಿ ಬೇಕು ಅಂತ ಹೇಳ್ತಿದ್ರಿ. ಈಗ ನೋಡ್ರಿ, ಬೇಕಾದಷ್ಟು ಆಡಾಕತ್ತೈತಿ!" ಸುತ್ತ ನಿಂತವರೂ ನಕ್ಕರು. ಬಾಣಂತಿ ಕೂಡ ಕೂಸನ್ನು ಎದೆಗೊತ್ತಿಕೊಂಡು ನಕ್ಕಳು.

ಆ ಮಾತು ಅಣ್ಣನಿಗೆ ಕೇಳಿಸಲಿಲ್ಲ. ನಗುವ ಬಾಯಿಗಳಷ್ಟೇ ಕಂಡವು.

ಕುಂಕುಮ

ಅಂದಿನಿಂದ ಅಣ್ಣ ತೊಲೆ ಬಡಿಯುವುದನ್ನು ಬಿಟ್ಟ. ಕರೆಯಲು ಬಂದವರಿಗೆ ಕೈಯಾಡಿಸಿ ಒಳಗೆ ಹೋಗುತ್ತಿದ್ದ. ಮಣೆ ಮಾಡುವುದು, ರೊಟ್ಟಿ ಹಿಟ್ಟು ನಾದುವ ಕೊಣಮಿಗಿ ಮಾಡುವುದು, ಇಷ್ಟೇ. "ಅವರು ನನ್ನ ನೋಡಿ ನಕ್ಕಿದ್ದರಾಗ ಏನೂ ತಪ್ಪಿಲ್ಲ. ಆ ಕೂಸು ಹೊರಸಿನ ಮ್ಯಾಲೆ ಇದ್ದಿದ್ರ?" ಎಂದು ಒಮ್ಮೆ ಅಂದ. ಅವರು ನಿನ್ನನ್ನು ನೋಡಿ ನಗಲಿಲ್ಲ ಎಂದು ನಾನು ಎಷ್ಟು ಕೈ ಮಾಡಿ ತೋರಿಸಿದರೂ ನಂಬಲಿಲ್ಲ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಅತ್ತಿಗೆ ಕೇಳಿದ್ದಕ್ಕೆ ಹೂಂ ಅನ್ನುವುದನ್ನೂ ಬಿಟ್ಟ. ಅವನು ನಮ್ಮ ಕೈಬಿಟ್ಟು ಹೋಗುತ್ತಿದ್ದಾನೆಂದು ನನಗೂ ಅತ್ತಿಗೆಗೂ ಅನಿಸತೊಡಗಿತು.

ಮುಂದಿನ ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಿಂದ ಒಬ್ಬ ಅಜ್ಜಿ ತಾನೇ ಬಸ್ಸಿಗೆ ಬಂದಳು. ಅವಳ ಮನೆಯ ತೊಲೆ ಅಣ್ಣ ಹಾಕಿದ್ದು. ಅವನು ಕೈಯಾಡಿಸಿದರೆ ಆ ಕೈಯನ್ನೇ ಹಿಡಿದುಕೊಂಡಳು, ಬಸ್ಸು ಹತ್ತಿಸುವ ತನಕ ಬಿಡಲಿಲ್ಲ. ನಾನು ಕೊಡತಿ ಎತ್ತಿಕೊಂಡು ಹಿಂದೆ ಓಡಿದೆ.

ಮನೆಯೊಳಗೆ ಹೋಗಿ ಮೇಲೆ ನೋಡಿದೆವು. ತೊಲೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಕುಂಕುಮದ ಬೊಟ್ಟುಗಳು. ನಡುವೆ ಬೊಟ್ಟು, ಮಗ್ಗುಲಲ್ಲಿ ಬೊಟ್ಟು, ಗೋಡೆಗೆ ಹೊಕ್ಕ ಕಡೆ ನಾಲ್ಕಾರು ಒಟ್ಟಿಗೆ.

"ಪೂಜಿ ಮಾಡೇವ್ರಿ" ಎಂದ ಅಜ್ಜಿಯ ಮಗ, ಕಣ್ಣು ತಪ್ಪಿಸುತ್ತ.

ನಿಜಸಂಗತಿ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು. ಲಡ್ಡು ಹಿಡಿದ ಜಾಗವನ್ನು ತಾವೇ ಬಡಿದು ನೋಡಿ, ಅಲ್ಲಿ ಪೂಜೆಯ ನೆಪದಲ್ಲಿ ಒಂದು ಬೊಟ್ಟು ಇಟ್ಟರೆ ಬಡಿಗೇರಣ್ಣನಿಗೆ ಸುಳಿವು ಸಿಗುತ್ತದೆ, ಅವನ ಮಾನವೂ ಉಳಿಯುತ್ತದೆ ಎಂದು ಅಜ್ಜಿಯ ಹಂಚಿಕೆ. ಆದರೆ ಬಡಿದ ಒಬ್ಬೊಬ್ಬರಿಗೆ ಒಂದೊಂದು ಕಡೆ ದಬ್ ಅಂದಿತ್ತು. ಯಾರೂ ಸೋಲಲು ಒಪ್ಪದೆ ಎಲ್ಲರೂ ತಮ್ಮ ತಮ್ಮ ಬೊಟ್ಟು ಇಟ್ಟಿದ್ದರು.

ಅಣ್ಣ ತೊಲೆಯನ್ನು ನೋಡಿದ, ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು.

"ಯವ್ವಾ, ನಿನಗ ಗೊತ್ತಿತ್ತೇನು?" ಎಂದ.

ಅಜ್ಜಿ ಅವನ ಕಿವಿಗೆ ಬಾಯಿಟ್ಟು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. "ನಾಕೂ ತಾಲೂಕಿಗೆ ಗೊತ್ತೈತೆಪಾ! ಕೋಲು ಕಚ್ಚಿ ತೊಲಿ ಬಡಿಯೋನ ಕಿವಿ ಚಲೋ ಅದಾವಂತ ಯಾರರೆ ನಂಬ್ತಾರೇನು?"

ಅಷ್ಟು ಕೂಗಿದ್ದರಿಂದ ಅವನಿಗೆ ತುಸು ಕೇಳಿಸಿರಬೇಕು. ನೆಲಕ್ಕೆ ಕೂತು ಮೊಣಕಾಲಿಗೆ ಮುಖ ಇಟ್ಟುಕೊಂಡ. ಬೆನ್ನು ಅಲುಗುತ್ತಿತ್ತು. ಗಂಡಸು ಅಳುವುದನ್ನು ನೋಡಬಾರದೆಂದು ಮನೆಯವರೆಲ್ಲ ತೊಲೆಯ ಕುಂಕುಮ ನೋಡುತ್ತ ನಿಂತರು.

ಆಮೇಲೆ ಮುಖ ಒರೆಸಿಕೊಂಡು ಎದ್ದು, ಮೊದಲ ಸಲ ಬಾಯಿಬಿಟ್ಟು ಹೇಳಿದ. "ನನಗ ಕೇಳಸಂಗಿಲ್ರಿ. ನಾ ಬಡೀತೇನಿ, ನೀವು ಕೇಳ್ರಿ."

ಏಣಿ ಹತ್ತಿದ. ಕೆಳಗೆ ಅಜ್ಜಿ, ಮಗ, ಸೊಸೆ, ನೆರೆಮನೆಯವರು ಉಸಿರು ಬಿಗಿಹಿಡಿದು ನಿಂತರು. ಅಣ್ಣ ತೊಲೆ ಗೋಡೆಗೆ ಹೊಕ್ಕ ಕಡೆ ಬಡಿದ.

"ದಬ್ ಅಂತು!" ಎಂದಳು ಅಜ್ಜಿ.

"ಎಲ್ಲೇತಿ ಅತ್ತಿ, ಠಣ್ ಅಂತು!" ಎಂದಳು ಸೊಸೆ.

"ನಾ ಸುಳ್ಳ ಹೇಳ್ತೇನೇನು?"

"ನಾ ಏನ್ ಕಿವುಡೇನು?"

ಮಗ ನಡುವೆ ಬಂದು ಎರಡೂ ಅಲ್ಲ, ಇನ್ನೊಂದು ಸಪ್ಪಳ ಅಂದ. ಇಬ್ಬರೂ ಸೇರಿ ಅವನ ಮೇಲೆ ಬಿದ್ದರು. ನೆರೆಮನೆಯವರಲ್ಲೂ ಎರಡು ಪಾರ್ಟಿಯಾದವು. ಅಣ್ಣ ಏಣಿಯ ಮೇಲಿಂದ ಅಷ್ಟೂ ಬಾಯಿಗಳು ಆಡುವುದನ್ನು ನೋಡುತ್ತಿದ್ದ. ಏನು ಎಂದು ನನಗೆ ಸನ್ನೆ ಮಾಡಿದ. ನಾನು ಒಬ್ಬೊಬ್ಬರನ್ನೇ ತೋರಿಸಿ, ಇವರು ಗಟ್ಟಿ ಅಂತಾರೆ, ಇವರು ಲಡ್ಡು ಅಂತಾರೆ ಎಂದು ಕೈಯಲ್ಲೇ ಹೇಳಿದೆ.

ಅಣ್ಣ ಏಣಿಯ ಮೇಲೇ ಕೂತು ಕೊಡತಿಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಹೇಳಿದ. "ಅಲ್ರೀ, ಈ ಮನ್ಯಾಗ ಕಿವುಡ ನಾ ಒಬ್ಬನ ಅದೇನಿ ಅಂತ ಅಳಾಕತ್ತಿದ್ನೆಲ್ರೀ!"

 ಆಗ ಎದ್ದ ನಗೆ ಎಂಥದ್ದೆಂದರೆ, ಅಜ್ಜಿ ಕಂಬ ಹಿಡಿದುಕೊಂಡಳು, ಸೊಸೆ ಅಜ್ಜಿಯನ್ನು ಹಿಡಿದುಕೊಂಡಳು, ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಬೆದರಿ ಕಣ್ಣಿ ಕಿತ್ತಿತು. ನನಗೆ ಮಾತ್ರ ನಗಲಾಗಲಿಲ್ಲ. ಅಷ್ಟು ದೊಡ್ಡ ನಗೆ ಎಬ್ಬಿಸಿದವನು ಏಣಿಯ ಮೇಲೆ ಒಬ್ಬನೇ, ಅದರ ಸಪ್ಪಳವಿಲ್ಲದೆ ಕೂತಿದ್ದ. ನಾನು ಅವನನ್ನೇ ನೋಡುತ್ತಿದ್ದೆ.

ಅವನು ನನ್ನ ಕಡೆ ಬಗ್ಗಿ, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಕೇಳಿದ. "ಭಾಳ ಜೋರು ನಕ್ರೇನೋ ತಮ್ಮಾ?"

ನಾನು ಎರಡೂ ತೋಳನ್ನು ಎಷ್ಟು ಚಾಚಲಾಗುತ್ತದೋ ಅಷ್ಟು ಅಗಲ ಚಾಚಿ ತೋರಿಸಿದೆ.